ಬೆಳಗಿನ ಮೊದಲ ಹೆಜ್ಜೆಯ ನೋವು: ಹಿಮ್ಮಡಿಗೆ ಹನ್ನೆರಡು ವಾರಗಳ ಫಿಸಿಯೋಥೆರಪಿ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕೆ ಊರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಗೋಡೆ ಹಿಡಿದು ಬಚ್ಚಲುಮನೆಯವರೆಗೆ ಕುಂಟುವಷ್ಟರಲ್ಲಿ ನೋವು ತುಸು ಸಡಿಲವಾಗುತ್ತದೆ. ಮಧ್ಯಾಹ್ನ ಅಷ್ಟೇನೂ ಇರುವುದಿಲ್ಲ. ಸಂಜೆ ಕುಳಿತಲ್ಲಿಂದ ಎದ್ದರೆ ಮತ್ತೆ ಅದೇ ಕತೆ. "ಆರು ತಿಂಗಳಾಯಿತು. ಮಾತ್ರೆ ತಿಂದಾಯಿತು, ಮುಲಾಮು ಹಚ್ಚಿಯಾಯಿತು, ಹತ್ತು ದಿನ ಕರೆಂಟ್ ಇಡಿಸಿಕೊಂಡೂ ಆಯಿತು. ನಿಲ್ಲಿಸಿದ ವಾರಕ್ಕೆ ನೋವು ವಾಪಸ್ ಬಂತು. ಈಗೇನು ಮಾಡಲಿ?" ಓದುಗರಿಂದ ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರಿದ್ದಾರೆ, ತರಗತಿಯಲ್ಲಿ ನಿಂತು ಪಾಠ ಮಾಡುವ ಶಿಕ್ಷಕರಿದ್ದಾರೆ, ಬಸ್ ನಿರ್ವಾಹಕರಿದ್ದಾರೆ, ನಲವತ್ತು ದಾಟಿದ ಮೇಲೆ ಉತ್ಸಾಹದಿಂದ ಓಟ ಶುರು ಮಾಡಿದವರೂ ಇದ್ದಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ನೋವು ಪೂರ್ಣ ವಿಶ್ರಾಂತಿಯಿಂದ ಹೋಗುವುದಿಲ್ಲ, ಯಾರೋ ಒತ್ತಿ ನೀವಿದ್ದರಿಂದಲೂ ಹೋಗುವುದಿಲ್ಲ. ಸೋತ ಅಂಗಾಂಶಕ್ಕೆ ಹದವರಿತ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಕೊಟ್ಟು ಅದನ್ನು ಗಟ್ಟಿ ಮಾಡಬೇಕು. ಆ ಕೆಲಸಕ್ಕೆ ವಾರಗಳು ಹಿಡಿಯುತ್ತವೆ, ಮತ್ತು ಅದನ್ನು ನೀವೇ ಮಾಡಬೇಕು.

ಪಾದದೊಳಗೆ ಆಗಿರುವುದೇನು?

ಅಂಗಾಲಿನ ಚರ್ಮದ ಕೆಳಗೆ, ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಬ್ಬಿರುವ ದಪ್ಪ ನಾರಿನ ಪಟ್ಟಿ ಒಂದಿದೆ. ಅದರ ಹೆಸರು ಪ್ಲಾಂಟರ್ ಫೇಶಿಯಾ. ಇದು ಸ್ನಾಯುವಲ್ಲ, ಸಂಯೋಜಕ ಅಂಗಾಂಶ. ಎಂದರೆ ದೇಹದ ಭಾಗಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವ ನಾರು. ಪಾದದ ಕಮಾನು ಬಿಲ್ಲು ಎಂದುಕೊಂಡರೆ ಈ ಪಟ್ಟಿ ಅದರ ಹೆದೆ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಬಾಗಿದಂತೆ ಹೆದೆ ಬಿಗಿಯಾಗುತ್ತದೆ, ಕಮಾನು ಏಳುತ್ತದೆ, ಪಾದ ನೆಲವನ್ನು ಒದ್ದು ಮುಂದೆ ಹೋಗುವಷ್ಟು ಗಡುಸಾಗುತ್ತದೆ. ದಿನಕ್ಕೆ ಸಾವಿರಾರು ಸಲ ನಡೆಯುವ ಈ ಎಳೆತದ ಹೊರೆ ನಾರಿನ ಶಕ್ತಿಯನ್ನು ಮೀರಿದಾಗ, ಹಿಮ್ಮಡಿಗೆ ಅಂಟಿಕೊಂಡಿರುವ ಒಳಬದಿಯ ಜಾಗ ಸವೆಯತೊಡಗುತ್ತದೆ.

ವೈದ್ಯರ ಚೀಟಿಯಲ್ಲಿ ಇದನ್ನು 'ಪ್ಲಾಂಟರ್ ಫೇಶಿಯೈಟಿಸ್' ಎಂದು ಬರೆದಿರುತ್ತಾರೆ. 'ಐಟಿಸ್' ಎಂದರೆ ಉರಿಯೂತ. ಆದರೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಶಸ್ತ್ರಚಿಕಿತ್ಸೆಗಳಲ್ಲಿ ತೆಗೆದ ಅಂಗಾಂಶವನ್ನು ಪರೀಕ್ಷಿಸಿದಾಗ ಉರಿಯೂತದ ಕುರುಹು ಸಿಗಲಿಲ್ಲ. ಕಂಡದ್ದು ನಾರುಗಳ ಸವೆತ ಮತ್ತು ಛಿದ್ರ. ಉರಿಯೂತ ತಗ್ಗಿಸುವ ಮಾತ್ರೆ ತಿಂಗಳುಗಟ್ಟಲೆ ತಿಂದರೂ ನೋವು ಬುಡಸಮೇತ ಹೋಗದಿರುವುದಕ್ಕೆ ಕಾರಣ ಇಲ್ಲಿದೆ. ಸವೆದ ನಾರಿಗೆ ಬೇಕಿರುವುದು ಮತ್ತೆ ಬಲಗೊಳ್ಳಲು ಒಂದು ಪ್ರಚೋದನೆ.

ಇನ್ನು ಎಕ್ಸ್‌ರೇಯಲ್ಲಿ ಕಾಣುವ 'ಮೂಳೆ ಬೆಳೆದಿದೆ' ಎಂಬ ಮುಳ್ಳಿನ ವಿಷಯ. ಅದನ್ನು ನೋಡಿ ಹೆದರಿದವರನ್ನು ಸಮಾಧಾನಪಡಿಸುವುದೇ ಎಷ್ಟೋ ಸಲ ನನ್ನ ಮೊದಲ ಕೆಲಸವಾಗುತ್ತದೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಮುಳ್ಳು ಇರುತ್ತದೆ. ನೋವು ಪೂರ್ತಿ ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಮುಳ್ಳು ಕಂಡಿತೆಂದು ಕತ್ತರಿಸುವ ಮಾತಿಗೆ ಒಪ್ಪಬೇಡಿ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಒಂದು ಸ್ನಾನದ ಟವೆಲ್, ಹಿಡಿದುಕೊಳ್ಳಲು ಕಂಬಿಯಿರುವ ಮೆಟ್ಟಿಲು, ಮಕ್ಕಳ ಹಳೆಯ ಶಾಲಾ ಚೀಲ, ಅದರೊಳಗೆ ಇಡಲು ಅಕ್ಕಿಯ ಪೊಟ್ಟಣಗಳು, ಮನೆಯೊಳಗೆ ಮಾತ್ರ ಹಾಕಲು ಒಂದು ಜೊತೆ ಮೆತ್ತನೆಯ ಚಪ್ಪಲಿ, ಒಂದು ನೋಟ್‌ಬುಕ್. ದುಡ್ಡು ಹೆಚ್ಚು ಬೇಡ. ಹನ್ನೆರಡು ವಾರಗಳ ಸಮಯ ಬೇಕು.

1. ಇದು ಅದೇ ನೋವು ಹೌದೇ ಎಂದು ಖಚಿತಪಡಿಸಿಕೊಳ್ಳಿ

ಹೆಬ್ಬೆರಳಿನಿಂದ ನಿಮ್ಮ ಅಂಗಾಲನ್ನು ಒತ್ತಿ ನೋಡಿ. ಹಿಮ್ಮಡಿಯ ಮೆತ್ತೆ ಮುಗಿದು ಕಮಾನು ಶುರುವಾಗುವ ಕಡೆ, ಒಳಬದಿಗೆ, ಒಂದೇ ಬಿಂದುವಿನಲ್ಲಿ 'ಅಯ್ಯೋ' ಎನ್ನುವಷ್ಟು ನೋವಿದ್ದು, ಬೆಳಗಿನ ಮೊದಲ ಹೆಜ್ಜೆಗಳೇ ಅತಿ ಕಷ್ಟವಾಗಿದ್ದರೆ, ಬಹುತೇಕ ಇದೇ ತೊಂದರೆ. ಇದನ್ನು ಗುರುತಿಸಲು ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ.

ಆದರೆ ಹಿಮ್ಮಡಿಯ ನೋವುಗಳೆಲ್ಲ ಒಂದೇ ಅಲ್ಲ. ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ವ್ಯಾಯಾಮ ಶುರು ಮಾಡಬೇಡಿ, ಮೊದಲು ವೈದ್ಯರಿಗೆ ತೋರಿಸಿ:

– ಪಾದದಲ್ಲಿ ಉರಿ, ಜೋಮು, ಇರುವೆ ಹರಿದ ಅನುಭವ. ಇದು ನರದ ತೊಂದರೆ ಇರಬಹುದು. ಮಧುಮೇಹ ಇರುವವರು ಇದನ್ನು ಕಡೆಗಣಿಸಲೇಬಾರದು.
– ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಗಳ ನಡುವೆ ಹಿಂಡಿದಾಗ ತೀವ್ರ ನೋವು, ಅದರಲ್ಲೂ ಇತ್ತೀಚೆಗೆ ಓಟ ಅಥವಾ ನಡಿಗೆಯನ್ನು ಒಮ್ಮೆಲೇ ಹೆಚ್ಚಿಸಿದ್ದರೆ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು.
– ವಯಸ್ಸು ಇನ್ನೂ ನಲವತ್ತರೊಳಗಿದ್ದು, ಎರಡೂ ಹಿಮ್ಮಡಿ ನೋಯುತ್ತಾ, ಬೆಳಿಗ್ಗೆ ಎದ್ದಾಗ ಬೆನ್ನು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿದ್ದರೆ. ಕೀಲುವಾತದ ಒಂದು ಬಗೆ ಹೀಗೆ ಹಿಮ್ಮಡಿಯಿಂದಲೂ ಕಾಣಿಸಿಕೊಳ್ಳುತ್ತದೆ.
– ರಾತ್ರಿ ಮಲಗಿದ್ದಾಗಲೂ ಬಿಡದ ನೋವು, ಜ್ವರ, ಕೆಂಪು, ಊತ, ಗಾಯ.
– ಓಡುವಾಗ ಅಥವಾ ಹಾರುವಾಗ 'ಟಪ್' ಎಂದು ಹರಿದ ಅನುಭವವಾಗಿ, ಆಮೇಲೆ ಅಂಗಾಲು ನೀಲಿಗಟ್ಟಿದ್ದರೆ.

ನೋವು ಹಿಮ್ಮಡಿಯ ಕೆಳಗಿರದೆ ಹಿಂಭಾಗದಲ್ಲಿದ್ದರೆ ಅದು ಅಕಿಲಿಸ್ ಸ್ನಾಯುರಜ್ಜುವಿನದು. ಎಂದರೆ ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿಯದು. ಅದಕ್ಕೆ ವ್ಯಾಯಾಮ ಬೇರೆ. ಮುಂದೆ ನಾನು ಹೇಳುವ, ಮೆಟ್ಟಿಲಿನಂಚಿನಿಂದ ಹಿಮ್ಮಡಿ ಇಳಿಬಿಡುವ ಕ್ರಮ ಅಂಥವರ ನೋವನ್ನು ಕೆರಳಿಸಬಹುದು.

2. ಫಿಸಿಯೋಥೆರಪಿಸ್ಟರನ್ನು ಒಮ್ಮೆ ಕಾಣಿ

ಮನೆಯಲ್ಲೇ ಮಾಡಬಹುದಾದ ಕೆಲಸಕ್ಕೆ ಇವರೇಕೆ ಎಂದು ಕೇಳಬಹುದು. ನೀವು ಮಾಡುವ ಭಂಗಿ ಸರಿಯಿದೆಯೇ, ಕಾಲಿನ ಗಿಣ್ಣು ಎಷ್ಟು ಬಾಗುತ್ತದೆ, ಯಾವ ಮಟ್ಟದಿಂದ ಶುರು ಮಾಡಬೇಕು ಎಂಬುದನ್ನು ಇನ್ನೊಬ್ಬರ ಕಣ್ಣು ನೋಡಿದರೆ ಎಷ್ಟೋ ವಾರ ಉಳಿಯುತ್ತದೆ. ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಪದವಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಖಾಸಗಿ ಕ್ಲಿನಿಕ್‌ನ ಖರ್ಚು ಕಷ್ಟವೆನಿಸಿದರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗವನ್ನೋ ಹತ್ತಿರದ ಫಿಸಿಯೋಥೆರಪಿ ಕಾಲೇಜಿನ ಹೊರರೋಗಿ ವಿಭಾಗವನ್ನೋ ವಿಚಾರಿಸಿ.

ಹೋಗುವಾಗ ದಿನವೂ ಹಾಕುವ ಚಪ್ಪಲಿ ಮತ್ತು ಶೂಗಳನ್ನು ಒಂದು ಚೀಲದಲ್ಲಿ ಒಯ್ಯಿರಿ. ಅಟ್ಟೆ ಎಲ್ಲಿ ಸವೆದಿದೆ ಎಂಬುದು ನೀವು ಕಾಲಿಡುವ ರೀತಿಯನ್ನು ತಿಳಿಸುತ್ತದೆ. ಮೊದಲ ಭೇಟಿಯಲ್ಲಿ ನಿಮ್ಮನ್ನು ನಡೆಸಿ ನೋಡದೆ, ಕಾಲು ಮುಟ್ಟಿ ಪರೀಕ್ಷಿಸದೆ, ಮನೆಯಲ್ಲಿ ಮಾಡಲು ಒಂದು ವ್ಯಾಯಾಮವನ್ನೂ ಕಲಿಸದೆ, ನೇರವಾಗಿ ಯಂತ್ರದ ಹತ್ತು ದಿನದ ಪ್ಯಾಕೇಜ್ ಬರೆದುಕೊಟ್ಟರೆ ಬೇರೆ ಕಡೆ ಹೋಗಿ. ಈ ಮಾತನ್ನು ನನ್ನದೇ ವೃತ್ತಿಯವರ ಬಗ್ಗೆ ನೋವಿನಿಂದಲೇ ಹೇಳುತ್ತಿದ್ದೇನೆ.

3. ದಿನದ ಹೊರೆಯನ್ನು ತಗ್ಗಿಸಿ, ನಿಲ್ಲಿಸಬೇಡಿ

ಒಂದು ವಾರ ನೋಟ್‌ಬುಕ್‌ನಲ್ಲಿ ಎರಡೇ ಸಂಗತಿ ಬರೆಯಿರಿ: ಬೆಳಗಿನ ಮೊದಲ ಹೆಜ್ಜೆಯ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ, ಮತ್ತು ಹಿಂದಿನ ದಿನ ಎಷ್ಟು ಹೊತ್ತು ನಿಂತಿರಿ ಅಥವಾ ನಡೆದಿರಿ ಎಂಬ ಅಂದಾಜು. ವಾರ ಮುಗಿಯುವಷ್ಟರಲ್ಲಿ ನಿಮಗೇ ಒಂದು ನಂಟು ಕಾಣತೊಡಗುತ್ತದೆ. ಮದುವೆ ಮನೆಯಲ್ಲಿ ಇಡೀ ದಿನ ಓಡಾಡಿದ ಮರುದಿನ ಎಂಟು, ಭಾನುವಾರದ ಮರುದಿನ ಐದು, ಹೀಗೆ. ಯಾವ ಹೊರೆಗೆ ಅಂಕ ಏರುತ್ತದೋ ಅದನ್ನು ಸದ್ಯಕ್ಕೆ ಮೂರನೆಯ ಒಂದು ಭಾಗದಷ್ಟು ಕಡಿಮೆ ಮಾಡಿ. ಒಂದೇ ಸಮನೆ ಎರಡು ಗಂಟೆ ನಿಲ್ಲುವ ಅಡುಗೆಯನ್ನು ನಡುನಡುವೆ ಕೂತು ಮಾಡುವ ಕೆಲಸಗಳೊಂದಿಗೆ ಹಂಚಿ; ತರಕಾರಿ ಹೆಚ್ಚುವುದಕ್ಕೆ ನಿಲ್ಲಲೇಬೇಕೆಂದಿಲ್ಲ.

ಪೂರ್ತಿ ಮಲಗಿಬಿಡುವುದು ಮಾತ್ರ ಬೇಡ. ಕೆಲಸವಿಲ್ಲದ ನಾರು ಇನ್ನಷ್ಟು ಸೋಲುತ್ತದೆ. ಹದಿನೈದು ದಿನ ಮಲಗಿ ಎದ್ದವರಿಗೆ ಮೊದಲು ಹಗುರವಾಗಿದ್ದ ನಡಿಗೆಯೇ ಹೊರೆಯಾಗುತ್ತದೆ.

ಚಪ್ಪಲಿಯ ವಿಷಯ ನಮ್ಮ ಮನೆಗಳಲ್ಲಿ ಸೂಕ್ಷ್ಮವಾದದ್ದು. ಗ್ರಾನೈಟ್, ಮಾರ್ಬಲ್, ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ ದಿನವಿಡೀ ಓಡಾಡುವುದು ನೋಯುವ ಹಿಮ್ಮಡಿಗೆ ದೊಡ್ಡ ಶಿಕ್ಷೆ. ಹೊರಗಿನ ಧೂಳು ಕಾಣದ, ಮನೆಯೊಳಗಿನದೇ ಆದ ಒಂದು ಜೊತೆ ಇಟ್ಟುಕೊಳ್ಳಿ. ಅಟ್ಟೆ ಒಂದೆರಡು ಅಂಗುಲ ದಪ್ಪವಿರಲಿ, ಹಿಮ್ಮಡಿಯ ಭಾಗ ಮುಂಭಾಗಕ್ಕಿಂತ ತುಸು ಎತ್ತರವಿರಲಿ. ತೆಳು ಹವಾಯಿ ಚಪ್ಪಲಿ ಸಾಲದು. ಅಡುಗೆಮನೆಗೆ ಚಪ್ಪಲಿ ಹಾಕಿ ಬರುವುದು ಹಿರಿಯರಿಗೆ ಒಪ್ಪಿಗೆಯಾಗದಿದ್ದರೆ ಜಗಳ ಬೇಡ. ಒಲೆಯ ಮುಂದೆ ದಪ್ಪ ಫೋಮ್ ಮ್ಯಾಟ್ ಹಾಸಿ ಅದರ ಮೇಲೆ ನಿಲ್ಲಿ. ಶೂ ಒಳಗೆ ಇಡುವ ಮೆತ್ತೆಗೆ ಮೊದಲಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಮೆತ್ತೆಯೇ ಸಾಕು. ಅಳತೆ ಕೊಟ್ಟು ಮಾಡಿಸುವ ದುಬಾರಿ ಮೆತ್ತೆಯ ಯೋಚನೆ ಆಮೇಲೆ.

4. ಮೊದಲ ಹೆಜ್ಜೆಗೂ ಮೊದಲು ಎಳೆಯಿರಿ

ರಾತ್ರಿಯಿಡೀ ಪಾದ ಕೆಳಮುಖವಾಗಿ ಚಾಚಿಕೊಂಡಿರುತ್ತದೆ, ನಾರು ಮೊಟಕಾಗಿ ಬಿಗಿದಿರುತ್ತದೆ. ಹಾಗೇ ಎದ್ದು ಇಡೀ ದೇಹದ ಭಾರವನ್ನು ಅದರ ಮೇಲೆ ಹಾಕಬೇಡಿ. ಹಾಸಿಗೆಯ ಅಂಚಿನಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ಕಾಲಿನ ತೊಡೆಯ ಮೇಲೆ ಇಟ್ಟುಕೊಳ್ಳಿ. ಕಾಲ್ಬೆರಳುಗಳ ಬುಡವನ್ನು ಕೈಯಲ್ಲಿ ಹಿಡಿದು, ಮೊಣಕಾಲಿನ ಕಡೆಗೆ ಹಿಂದಕ್ಕೆ ಬಾಗಿಸಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಕಮಾನನ್ನು ಮುಟ್ಟಿದರೆ ಹೆದೆ ತಂತಿಯಂತೆ ಬಿಗಿದದ್ದು ಸಿಗಬೇಕು. ಸಿಗದಿದ್ದರೆ ನೀವು ಬೆರಳುಗಳನ್ನಷ್ಟೇ ಎಳೆಯುತ್ತಿದ್ದೀರಿ. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ.

ಇದನ್ನು ದಿನಕ್ಕೆ ಮೂರು ಸಲ ಮಾಡಬೇಕು: ಎದ್ದ ಕೂಡಲೇ ಒಮ್ಮೆ, ಉಳಿದೆರಡು ಸಲ ಬಹಳ ಹೊತ್ತು ಕುಳಿತು ಏಳುವ ಮುಂಚೆ. ಮೊಣಕಾಲು ನೋವಿನಿಂದ ಕಾಲನ್ನು ತೊಡೆಯ ಮೇಲಿಡಲು ಆಗದವರು ಕಾಲು ಚಾಚಿ ಕುಳಿತು, ಬೆರಳುಗಳ ಬುಡಕ್ಕೆ ಟವೆಲ್ ಅಥವಾ ದುಪಟ್ಟಾ ಸುತ್ತಿ ತಮ್ಮ ಕಡೆಗೆ ಎಳೆದುಕೊಳ್ಳಬಹುದು.

ಜೊತೆಗೆ ಮೀನಖಂಡವನ್ನೂ ಬಿಡಬೇಡಿ. ಗೋಡೆಗೆ ಕೈ ಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ ಮೂವತ್ತು ಸೆಕೆಂಡು ನಿಲ್ಲಿ. ಮೂರು ಸಲ ಸಾಕು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಹಿಂದಿನ ಪಾದವನ್ನು ಹೊರಕ್ಕೆ ತಿರುಗಿಸುವುದು. ಬೆರಳುಗಳು ಗೋಡೆಯ ಕಡೆಗೇ ನೇರವಾಗಿರಲಿ.

5. ಬಲ ತುಂಬಿ

ಈ ಹಂತವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಎಳೆತದಿಂದ ಬೆಳಗಿನ ನೋವು ಸ್ವಲ್ಪ ಇಳಿದ ಕೂಡಲೇ ಸಾಕೆನಿಸಿಬಿಡುತ್ತದೆ. ನಾರು ಮಾತ್ರ ಮೊದಲಿನಷ್ಟೇ ದುರ್ಬಲವಾಗಿ ಉಳಿದಿರುತ್ತದೆ. 2014ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು 48 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬರೀ ಎಳೆತ ಮಾಡಿದವರಿಗಿಂತ ಭಾರದ ವ್ಯಾಯಾಮ ಮಾಡಿದವರು ಮೂರು ತಿಂಗಳ ಹೊತ್ತಿಗೆ ಚೆನ್ನಾಗಿ ಮುಂದಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು ಎಂಬುದನ್ನೂ ಹೇಳಬೇಕು. ಆದರೆ ದಿನವೂ ಕುಂಟುತ್ತಿರುವವರಿಗೆ ತಿಂಗಳುಗಳ ಮುಂಚೆ ಸಿಗುವ ಹಗುರ ಸಣ್ಣದಲ್ಲ.

ಕ್ರಮ ಹೀಗೆ. ಟವೆಲ್ ಅನ್ನು ಸುರುಳಿ ಸುತ್ತಿ ಮೆಟ್ಟಿಲಿನ ಮೇಲಿಡಿ. ಕಾಲ್ಬೆರಳುಗಳು ಸುರುಳಿಯ ಮೇಲೆ ಏರಿ ಮೇಲ್ಮುಖವಾಗಿ ಬಾಗಿರಬೇಕು, ಪಾದದ ಮುಂಭಾಗ ಮೆಟ್ಟಿಲ ಮೇಲಿರಬೇಕು, ಹಿಮ್ಮಡಿ ಅಂಚಿನಾಚೆ ಗಾಳಿಯಲ್ಲಿರಬೇಕು. ಟವೆಲ್ ಬೇಡವೆಂದು ಬಿಟ್ಟರೆ ಇದು ಬರೀ ಮೀನಖಂಡದ ವ್ಯಾಯಾಮವಾಗುತ್ತದೆ. ಬೆರಳು ಬಾಗಿದಾಗಲೇ ಹೆದೆಗೆ ಸರಿಯಾದ ಭಾರ ಬೀಳುವುದು. ಕಂಬಿ ಹಿಡಿದು ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ತುದಿಯಲ್ಲಿ ಎರಡು ಎಣಿಸಿ ನಿಲ್ಲಿ, ಮತ್ತೆ ಮೂರು ಎಣಿಸುತ್ತಾ ಇಳಿಸಿ. ನಿಧಾನವೇ ಇಲ್ಲಿನ ಔಷಧ; ಕುಪ್ಪಳಿಸಿದಂತೆ ಬೇಗ ಬೇಗ ಮಾಡಿದರೆ ಪ್ರಯೋಜನವಿಲ್ಲ.

ಆರಂಭದಲ್ಲಿ ಎರಡೂ ಕಾಲಿನ ಮೇಲೆ, ಬೇಕಿದ್ದರೆ ಸಮತಟ್ಟಾದ ನೆಲದ ಮೇಲೆ ಅಡುಗೆಕಟ್ಟೆ ಹಿಡಿದು ಮಾಡಿ. ಹನ್ನೆರಡು ಸಲ, ನಡುವೆ ಒಂದೆರಡು ನಿಮಿಷ ಬಿಟ್ಟು ಮೂರು ಸುತ್ತು. ಅದು ಸಲೀಸಾದ ಮೇಲೆ ಒಂಟಿ ಕಾಲಿಗೆ ಬನ್ನಿ. ಒಂಟಿ ಕಾಲಿನಲ್ಲಿ ಹನ್ನೆರಡನೆಯದು ಮುಗಿದಾಗ 'ಹದಿಮೂರನೆಯದು ನನ್ನಿಂದಾಗದು' ಎನ್ನಿಸಬೇಕು, ಅಷ್ಟು ಶ್ರಮ ಬೇಕು. ಎರಡು ವಾರ ಕಳೆದ ಮೇಲೆ ಶಾಲಾ ಚೀಲಕ್ಕೆ ಒಂದೆರಡು ಕಿಲೋ ಅಕ್ಕಿ ತುಂಬಿ ಬೆನ್ನಿಗೆ ಹಾಕಿ, ಹತ್ತು ಸಲದಂತೆ ನಾಲ್ಕು ಸುತ್ತು ಮಾಡಿ. ನಾಲ್ಕನೆಯ ವಾರ ದಾಟಿದ ಮೇಲೆ ಭಾರ ಇನ್ನೂ ಹೆಚ್ಚಿಸಿ ಎಂಟು ಸಲದಂತೆ ಐದು ಸುತ್ತು. ಅಲ್ಲಿಂದ ಮುಂದೆ ಶಕ್ತಿ ಬಂದಂತೆಲ್ಲ ಚೀಲದ ತೂಕ ಏರಲಿ. ಈ ವಾರಗಳ ಲೆಕ್ಕ ಒಂಟಿ ಕಾಲಿಗೆ ಬಂದ ದಿನದಿಂದ ಶುರುವಾಗುತ್ತದೆ. ಐವತ್ತು ದಾಟಿದವರಿಗೆ, ತೂಕ ಹೆಚ್ಚಿರುವವರಿಗೆ ಅಲ್ಲಿಗೆ ಬರಲು ಒಂದು ತಿಂಗಳೇ ಹಿಡಿದರೂ ತಪ್ಪಿಲ್ಲ.

ದಿನ ಬಿಟ್ಟು ದಿನ ಮಾತ್ರ ಮಾಡಿ. ನಡುವಿನ ದಿನ ಸುಮ್ಮನೆ ಕಳೆಯುವ ದಿನವಲ್ಲ, ನಾರು ರಿಪೇರಿಯಾಗುವ ದಿನ. ಬೇಗ ಗುಣವಾಗಲೆಂದು ಪ್ರತಿದಿನ ಎರಡು ಹೊತ್ತು ಮಾಡಿ ನೋವು ಹೆಚ್ಚಿಸಿಕೊಂಡು, 'ವ್ಯಾಯಾಮವೇ ನನಗೆ ಆಗಿಬರುವುದಿಲ್ಲ' ಎಂದು ಕೈಬಿಟ್ಟವರನ್ನು ನೋಡಿದಾಗ ನನಗೆ ಬಹಳ ಬೇಸರವಾಗುತ್ತದೆ.

ಎಚ್ಚರಿಕೆ: ತಲೆಸುತ್ತು ಇರುವವರು, ಬಿದ್ದ ಇತಿಹಾಸವಿರುವ ಹಿರಿಯರು ಮೆಟ್ಟಿಲ ಅಂಚಿಗೆ ಹೋಗಬೇಡಿ, ನೆಲದ ಮೇಲೆಯೇ ಮಾಡಿ. ಮೂಳೆ ಸವಕಲು ಇದೆ ಎಂದು ವೈದ್ಯರು ಹೇಳಿದ್ದರೆ ಬೆನ್ನಿಗೆ ಭಾರ ಹಾಕುವ ಮೊದಲು ಅವರನ್ನು ಕೇಳಿ. ಸಾಕ್ಸ್ ಹಾಕಿಕೊಂಡು ಮೆಟ್ಟಿಲ ಮೇಲೆ ನಿಲ್ಲಬೇಡಿ, ಜಾರುತ್ತದೆ.

6. ನೋವನ್ನು ಅಳೆಯಲು ಕಲಿಯಿರಿ

'ನೋವಾದರೆ ನಿಲ್ಲಿಸಬೇಕೇ?' ಎಂದು ಎಲ್ಲರೂ ಕೇಳುತ್ತಾರೆ. ಮೊದಮೊದಲು ಸ್ವಲ್ಪ ನೋವು ಆಗಿಯೇ ಆಗುತ್ತದೆ, ಅದರಿಂದ ಹಾನಿಯಿಲ್ಲ. ನಾನು ಹೇಳಿಕೊಡುವ ಅಳತೆ ಇದು: ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ನಾಲ್ಕರವರೆಗಿನ ನೋವನ್ನು ಒಪ್ಪಿಕೊಳ್ಳಿ. ಮರುದಿನ ಬೆಳಗಿನ ಮೊದಲ ಹೆಜ್ಜೆ ಎಂದಿನ ಅಂಕದಲ್ಲೇ ಇದ್ದರೆ ನಿನ್ನೆಯ ಭಾರ ಸರಿ. ಎರಡು ಅಂಕ ಏರಿದ್ದರೆ ಭಾರ ಹೆಚ್ಚಾಯಿತು. ಮುಂದಿನ ಸಲ ಒಂದು ಸುತ್ತು ಕಡಿಮೆ ಮಾಡಿ ಅಥವಾ ಚೀಲದಿಂದ ಒಂದು ಕಿಲೋ ತೆಗೆಯಿರಿ. ಎಲ್ಲವನ್ನೂ ನಿಲ್ಲಿಸಬೇಡಿ.

ಅಂಕ ದಿನದಿಂದ ದಿನಕ್ಕೆ ನೇರವಾಗಿ ಇಳಿಯುವುದಿಲ್ಲ. ಏಳು, ಆರು, ಎಂಟು, ಆರು, ಐದು, ಏಳು ಎಂದು ಹೊಯ್ದಾಡುತ್ತದೆ. ಈ ಸೋಮವಾರವನ್ನು ನಿನ್ನೆಯ ಭಾನುವಾರದೊಂದಿಗೆ ಹೋಲಿಸದೆ ಕಳೆದ ತಿಂಗಳ ಸೋಮವಾರದೊಂದಿಗೆ ಹೋಲಿಸಿ. ನೋಟ್‌ಬುಕ್ ಇರುವುದು ಅದಕ್ಕಾಗಿಯೇ. ಮೂರು ನಾಲ್ಕು ವಾರ ಏನೂ ಬದಲಾಗಿಲ್ಲ ಎನ್ನಿಸುವ ಹೊತ್ತಿನಲ್ಲಿಯೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಆಗ ಬಿಡಬೇಡಿ.

7. ಜೊತೆಗಿನ ಉಪಚಾರಗಳು: ಯಾವುದಕ್ಕೆ ಎಷ್ಟು ಬೆಲೆ?

ಅಂಗಾಲಿಗೆ ಪಟ್ಟಿ ಸುತ್ತುವ ಟೇಪಿಂಗ್ ಮೊದಲ ಕೆಲವು ವಾರಗಳಿಗೆ ಒಳ್ಳೆಯ ಆಸರೆ. ಫಿಸಿಯೋಥೆರಪಿಸ್ಟರಿಂದ ಕಲಿತು ಮನೆಯವರೇ ಹಾಕಬಹುದು. ಚರ್ಮ ತುರಿಸಿದರೆ ತೆಗೆಯಿರಿ. ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯ ಮೇಲೆ ಸಂಜೆ ಹತ್ತು ನಿಮಿಷ ಅಂಗಾಲು ಉರುಳಿಸಿದರೆ ಹಿತವಾಗುತ್ತದೆ. ಕೈಯಿಂದ ನೀವುವುದು, ಮೀನಖಂಡದ ಗಂಟುಗಳನ್ನು ಸಡಿಲಿಸುವುದು ಕೂಡ ಒಳ್ಳೆಯದೇ, ಆದರೆ ವ್ಯಾಯಾಮದ ಜೊತೆಗೆ, ಅದರ ಬದಲಿಗೆ ಅಲ್ಲ.

ಅಲ್ಟ್ರಾಸೌಂಡ್ ಯಂತ್ರವನ್ನು ಹಿಮ್ಮಡಿಯ ಮೇಲೆ ಆಡಿಸುವ ಚಿಕಿತ್ಸೆ ನಮ್ಮ ಊರುಗಳಲ್ಲಿ ಬಹಳ ಬಳಕೆಯಲ್ಲಿದೆ. ಹಿಮ್ಮಡಿ ನೋವಿಗೆ ಅದರಿಂದ ಹೆಚ್ಚುವರಿ ಲಾಭವಿದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರ ವೃತ್ತಿ ಮಾರ್ಗಸೂಚಿಗಳೂ ಅದನ್ನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಹಾಕುವ ಹಣವನ್ನು ಒಳ್ಳೆಯ ಚಪ್ಪಲಿಗೆ ಹಾಕಿ.

ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಕಾಯಿಸುವ ಮನೆಮದ್ದಿನ ಬಗ್ಗೆಯೂ ಕೇಳುತ್ತಾರೆ. ಶಾಖದಿಂದ ಆ ಹೊತ್ತಿಗೆ ಹಿತವೆನಿಸುವುದು ನಿಜ. ಆದರೆ ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರು ಇಟ್ಟಿಗೆಯನ್ನಾಗಲಿ, ಬಿಸಿನೀರನ್ನಾಗಲಿ, ಐಸನ್ನಾಗಲಿ ಮುಟ್ಟಲೇಬಾರದು. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಆ ಗಾಯ ಕಾಲನ್ನೇ ಕಳೆಯುವ ಮಟ್ಟಕ್ಕೆ ಹೋಗಬಹುದು. ಎಕ್ಕದ ಹಾಲು ಕಣ್ಣಿಗೆ ತಗುಲದಂತೆಯೂ ನೋಡಿಕೊಳ್ಳಿ.

ಸ್ಟಿರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವನ್ನು ಚೆನ್ನಾಗಿ ಇಳಿಸುತ್ತದೆ. ಮತ್ತೆ ಮತ್ತೆ ಹಾಕಿಸಿಕೊಂಡರೆ ನಾರು ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯವಿದೆ. ಆ ಮೆತ್ತೆ ಒಮ್ಮೆ ತೆಳುವಾದರೆ ಹಿಂದಿನಂತಾಗುವುದು ಕಷ್ಟ. ಹಾಕಿಸಿಕೊಳ್ಳಲೇಬೇಕಾದ ಪರಿಸ್ಥಿತಿ ಬಂದರೆ ನೋವಿಲ್ಲದ ಆ ದಿನಗಳಲ್ಲಿ ಎಂದಿನಂತೆ ಓಡಾಡಿಬಿಡಬೇಡಿ. ವ್ಯಾಯಾಮವನ್ನು ಯಾವಾಗ ಮತ್ತೆ ಶುರು ಮಾಡಬೇಕೆಂದು ಚುಚ್ಚುಮದ್ದು ಕೊಟ್ಟವರನ್ನೇ ಕೇಳಿ.

8. ಹನ್ನೆರಡು ವಾರ ಕಳೆದ ಮೇಲೆ

ಮೊದಲ ಹೆಜ್ಜೆಯ ಅಂಕ ಎರಡಕ್ಕೆ ಇಳಿದಿದ್ದರೆ ಭಾರದ ವ್ಯಾಯಾಮವನ್ನು ವಾರಕ್ಕೆ ಎರಡು ದಿನಕ್ಕೆ ತನ್ನಿ, ಇನ್ನೂ ಮೂರು ತಿಂಗಳು ಮುಂದುವರಿಸಿ. ಎಳೆತ ಬೆಳಿಗ್ಗೆ ಒಂದು ಸಲ ಇರಲಿ.

ಅಂಕ ಕಿಂಚಿತ್ತೂ ಇಳಿದಿಲ್ಲವಾದರೆ ಮತ್ತೆ ಪರೀಕ್ಷೆ ಮಾಡಿಸಿ. ಸ್ಕ್ಯಾನ್ ಅಗತ್ಯವಾಗುವುದು ಈ ಘಟ್ಟದಲ್ಲಿ. ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ನಾರಿನ ದಪ್ಪ 4 ಮಿಲಿಮೀಟರ್ ಮೀರಿದ್ದರೆ ರೋಗನಿದಾನಕ್ಕೆ ಬಲ ಬರುತ್ತದೆ. ಮುಂದಿನ ಹೆಜ್ಜೆಯಾಗಿ ಶಾಕ್‌ವೇವ್ ಚಿಕಿತ್ಸೆಯನ್ನು ಯೋಚಿಸಬಹುದು. ಇದು ಹೊರಗಿನಿಂದ ಒತ್ತಡದ ಅಲೆಗಳನ್ನು ನಾರಿಗೆ ಕಳಿಸುವ ವಿಧಾನ, ವಿದ್ಯುತ್ ಶಾಕ್ ಅಲ್ಲ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಇವೆಲ್ಲ ಆರರಿಂದ ಹನ್ನೆರಡು ತಿಂಗಳು ಸೋತ ಮೇಲೆ, ಅದೂ ಬೆರಳೆಣಿಕೆಯ ಜನರಿಗೆ.

ನಡಿಗೆಗೆ ಮರಳುವವರು ಒಮ್ಮೆಲೇ ಹಳೆಯ ದೂರಕ್ಕೆ ಹೋಗಬೇಡಿ. ಹದಿನೈದು ನಿಮಿಷದಿಂದ ಶುರು ಮಾಡಿ, ಬೆಳಗಿನ ಅಂಕ ಏರದಿದ್ದರೆ ವಾರಕ್ಕೆ ಐದು ನಿಮಿಷ ಸೇರಿಸಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರು ಪ್ರತಿವರ್ಷ ಜನವರಿಯ ಕೊನೆಯಲ್ಲಿ ನನ್ನನ್ನು ಕೇಳುತ್ತಾರೆ. ಹಿಮ್ಮಡಿ ನೋವಿನ ಇತಿಹಾಸವಿದ್ದರೆ ತಯಾರಿ ದೀಪಾವಳಿ ಕಳೆದ ಕೂಡಲೇ ಶುರುವಾಗಲಿ: ಮೊದಲು ಭಾರದ ವ್ಯಾಯಾಮ, ಆಮೇಲೆ ದೂರ. ಯಾತ್ರೆಯಲ್ಲಿ ಹಾಕುವ ಶೂಗಳನ್ನೇ ಹಾಕಿಕೊಂಡು ಅಭ್ಯಾಸ ಮಾಡಿ, ಹೊಸ ಜೊತೆಯನ್ನು ಹೊರಡುವ ಹಿಂದಿನ ದಿನ ಕೊಳ್ಳಬೇಡಿ. ಬರಿಗಾಲಿನಲ್ಲಿ ನಡೆಯುವ ಹರಕೆಯಿದ್ದರೆ, ಯಾತ್ರೆಗೆ ಮುಂಚಿನ ವಾರಗಳಲ್ಲಿ ಮನೆಯಂಗಳದ ಮಣ್ಣಿನ ಮೇಲೆ ದಿನಕ್ಕೆ ಐದು ನಿಮಿಷದಿಂದ ಬರಿಗಾಲನ್ನು ರೂಢಿ ಮಾಡಿಸುತ್ತಾ ಬನ್ನಿ.